ಇಲಿ ಕಡಿದ ಸೀಟ್ ಬೆಲ್ಟ್‌ಗೆ ಹೊಲಿಗೆ ಹಾಕಿಸಬಹುದಾ?

ಪ್ರಶ್ನೆ: ಸರ್, ನನ್ನದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್, 2016ರ ಮಾಡೆಲ್. ಮಳೆಗಾಲದಲ್ಲಿ ಕಾರು ನಿಲ್ಲಿಸಿ ಊರಿಗೆ ಹೋಗಿದ್ದಾಗ ಇಲಿ ಒಳಗೆ ಸೇರಿಕೊಂಡು, ಹಿಂದಿನ ಸೀಟಿನ ಎಡಗಡೆ ಬೆಲ್ಟನ್ನು ಅಂಚಿನಿಂದ ಒಂದು ಬೆರಳಿನಷ್ಟು ಕಡಿದು ಹಾಕಿದೆ. ನಮ್ಮಲ್ಲಿ ಸೀಟ್ ಕವರ್ ಹೊಲಿಯುವ ಕುಶನ್ ಅಂಗಡಿಯವರು "ಒಳಗೆ ಒಂದು ಪೀಸ್ ಕೊಟ್ಟು ಡಬಲ್ ಹೊಲಿಗೆ ಹಾಕ್ತೀನಿ, ಆನೆ ಎಳೆದ್ರೂ ಬರಲ್ಲ, 300 ರೂಪಾಯಿ ಕೊಡಿ" ಅಂದರು. ಷೋರೂಮಿನವರು ಪೂರ್ತಿ ಅಸೆಂಬ್ಲಿ ಬದಲಿಸಬೇಕು ಅನ್ನುತ್ತಾರೆ. ಅಂಚು ಹರಿದಿದ್ದಕ್ಕೆ ಇಡೀ ಸೆಟ್ ಯಾಕೆ? ಇದು ದುಡ್ಡು ಕೀಳುವ ದಾರಿ ಅಲ್ವಾ? ಇನ್ನೊಂದು, ನಮ್ಮ ಅಪ್ಪಾಜಿಯವರದು ಭಾರಿ ಮೈ. ಮುಂದಿನ ಸೀಟಿನಲ್ಲಿ ಬೆಲ್ಟ್ ಸಾಲುವುದಿಲ್ಲ. ಅರ್ಧ ಅಡಿ ಸೇರಿಸಿ ಹೊಲಿಸಬಹುದಾ? ಮಗಳಿಗೆ ಆರು ವರ್ಷ, ಅವಳಿಗೆ ಬೆಲ್ಟ್ ಕುತ್ತಿಗೆಗೆ ಉಜ್ಜುತ್ತದೆ. ಮಡಚಿ ಹೊಲಿದು ಗಿಡ್ಡ ಮಾಡಿಸಬಹುದಾ? ಒಟ್ಟಿಗೇ ಮೂರೂ ಕೆಲಸ ಮುಗಿಸೋಣ ಅಂತ ಇದ್ದೇನೆ.
ದಾವಣಗೆರೆಯ ಓದುಗರೊಬ್ಬರು

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಮೂರಕ್ಕೂ ಹೊಲಿಗೆ ಬೇಡ. ಆದರೆ ಮೂರಕ್ಕೂ ಬೇರೆ ಬೇರೆ ದಾರಿ ಇದೆ. ಅದರಲ್ಲಿ ಒಂದಕ್ಕೆ ಬಹುಶಃ ಪೈಸೆ ಖರ್ಚೂ ಇಲ್ಲ.

ಕುಶನ್ ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಅವರ ಕೈ ಚೆನ್ನಾಗಿರಬಹುದು. ದಪ್ಪ ರೆಕ್ಸಿನ್, ಲೆದರ್ ಎಲ್ಲ ಹೊಲಿದು ಪಳಗಿದವರು. ತೊಂದರೆ ಅವರ ಕೈಯದಲ್ಲ. ಹಾಕಿದ ಹೊಲಿಗೆ ಎಷ್ಟು ತಡೆಯುತ್ತದೆ ಅಂತ ತಿಳಿಯುವುದಕ್ಕೆ ಇರುವ ದಾರಿ ಒಂದೇ, ಕಿತ್ತು ಬರುವವರೆಗೆ ಎಳೆದು ನೋಡುವುದು. ಕಿತ್ತ ಮೇಲೆ ಅದನ್ನು ಕಾರಿಗೆ ಹಾಕುವ ಹಾಗಿಲ್ಲ. ಕಾರ್ಖಾನೆಯಲ್ಲಿ ಈ ಸಮಸ್ಯೆ ಇಲ್ಲ. ಅಲ್ಲಿ ಒಂದೇ ಯಂತ್ರ, ಒಂದೇ ದಾರ, ಒಂದೇ ಬಿಗಿಯಲ್ಲಿ ರಾಶಿಗಟ್ಟಲೆ ಬೆಲ್ಟ್ ಹೊಲಿಯುತ್ತಾರೆ. ಅದರಲ್ಲಿ ಕೆಲವನ್ನು ಆರಿಸಿ ಎಳೆದು ಕಿತ್ತುಹಾಕುತ್ತಾರೆ. ಅವು ತಡೆದರೆ ಉಳಿದವೂ ತಡೆಯುತ್ತವೆ ಅಂತ ಲೆಕ್ಕ. ನಿಮ್ಮ ಅಂಗಡಿಯವರು ಹೊಲಿಯುವುದು ಒಂದೇ ಒಂದು ಬೆಲ್ಟ್. ಅದರ ಮೊದಲ ಪರೀಕ್ಷೆ ನಡೆಯುವುದು ರಸ್ತೆಯಲ್ಲಿ, ನಿಮ್ಮ ಮನೆಯವರು ಅದರೊಳಗೆ ಕೂತಿರುವಾಗ.

"ನಾವೇ ಜೋತು ಬಿದ್ದು ನೋಡಿದ್ವಿ ಸರ್, ಏನೂ ಆಗಲಿಲ್ಲ" ಅಂತ ಸುಮಾರು ಜನ ಹೇಳುತ್ತಾರೆ. ಜೋತು ಬಿದ್ದರೆ ಬೀಳುವ ಹೊರೆ ಎಷ್ಟು? ನಿಮ್ಮ ತೂಕ, ಅಂದರೆ 70 ಅಥವಾ 80 ಕೆಜಿ. ಡಿಕ್ಕಿಯ ಲೆಕ್ಕವೇ ಬೇರೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಗಟ್ಟಿ ಗೋಡೆಗೆ ಗುದ್ದಿತು ಅಂದುಕೊಳ್ಳಿ. ಮುಂಭಾಗ ನುಜ್ಜುಗುಜ್ಜಾಗಿ, ಬೆಲ್ಟ್ ಸ್ವಲ್ಪ ಹಿಗ್ಗಿ, ಒಳಗಿರುವ ಮನುಷ್ಯ ಹೆಚ್ಚುಕಮ್ಮಿ ಅರ್ಧ ಮೀಟರ್ ದೂರದಲ್ಲಿ ಪೂರ್ತಿ ನಿಲ್ಲಬೇಕು. ಲೆಕ್ಕ ಹಾಕಿದರೆ ಅವನ ತೂಕದ ಸುಮಾರು 20 ಪಟ್ಟು ಬಲ ಬೇಕು. 70 ಕೆಜಿ ಆಸಾಮಿಗೆ ಅದು 1400 ಕೆಜಿ. ನಿಮ್ಮ ಅಪ್ಪಾಜಿಯವರು 110 ಕೆಜಿ ಇದ್ದರೆ 2200 ಕೆಜಿ. ಈ ಹೊರೆ ಹೆಗಲಿನ ಪಟ್ಟಿಗೂ ಸೊಂಟದ ಪಟ್ಟಿಗೂ ಹಂಚಿಹೋಗುತ್ತದೆ ನಿಜ. ಆದರೂ ಕಣ್ಣು ಮಿಟುಕಿಸುವುದರೊಳಗೆ, ಒಂದೇ ಏಟಿಗೆ ಬೀಳುತ್ತದೆ. ಇದನ್ನು ತಡೆಯಲಿ ಅಂತಲೇ ವಿಶ್ವಸಂಸ್ಥೆಯ ವಾಹನ ನಿಯಮ 16, ಬೆಲ್ಟಿನ ಪಟ್ಟಿ ಕಡಿಮೆ ಎಂದರೂ 14.7 ಕಿಲೋನ್ಯೂಟನ್, ಅಂದರೆ ಸುಮಾರು 1500 ಕೆಜಿ ತಡೆಯಬೇಕು ಅನ್ನುತ್ತದೆ. ಹೊಸದಾಗಿದ್ದಾಗ ತಡೆದರೆ ಸಾಲದು. ಬಿಸಿ, ಚಳಿ, ನೀರು, ಬೆಳಕು, ಉಜ್ಜಾಟ ಎಲ್ಲ ತೋರಿಸಿದ ಮೇಲೂ ತಡೆಯಬೇಕು. ಅದಕ್ಕೇ ತಯಾರಕರು ಹೊಸ ಪಟ್ಟಿಯನ್ನು ಇದಕ್ಕಿಂತ ಸಾಕಷ್ಟು ಗಟ್ಟಿಯಾಗಿ ನೇಯುತ್ತಾರೆ.

ಇಲ್ಲಿ ಒಂದು ವಾದ ಬರುತ್ತದೆ. "ಹಾಗಾದರೆ ಹೆಚ್ಚುವರಿ ಬಲ ಇದೆಯಲ್ಲ, ಒಂದು ಬೆರಳು ಹೋದರೆ ಏನಾಯಿತು, ಉಳಿದ ಅಗಲ ಸಾಲದಾ?" ಆ ಹೆಚ್ಚುವರಿ ಬಲ ಬಿಸಿಲಿಗೆ, ವರ್ಷಗಟ್ಟಲೆ ತಿಕ್ಕಾಟಕ್ಕೆ ಇಟ್ಟ ಗಂಟು. ಇಲಿಗೆ ಅದರಲ್ಲಿ ಪಾಲಿಲ್ಲ. ಅಷ್ಟೇ ಅಲ್ಲ, ಬೆಲ್ಟಿನ ಅಗಲ ಸುಮಾರು 46ರಿಂದ 48 ಮಿಲಿಮೀಟರ್. ಅದರಲ್ಲಿ ಬೆರಳಗಲ ಹೋದರೆ ಮೂರರಲ್ಲೊಂದು ಪಾಲು ಹೋಯಿತು. ಬಲವೂ ಮೂರರಲ್ಲೊಂದು ಪಾಲು ಮಾತ್ರ ಕಡಿಮೆಯಾಗುತ್ತದೆ ಅಂದುಕೊಂಡರೆ ತಪ್ಪು. ಕಡಿತದ ತುದಿಯಲ್ಲಿ ಹೊರೆಯೆಲ್ಲ ಒಟ್ಟಾಗುತ್ತದೆ. ಅಲ್ಲಿನ ನೂಲು ಮೊದಲು ಕಿತ್ತು, ಹೊರೆ ಪಕ್ಕದ ನೂಲಿಗೆ ಬೀಳುತ್ತದೆ, ಅದೂ ಕೀಳುತ್ತದೆ, ಹಾಗೇ ಅಡ್ಡಕ್ಕೆ ಓಡುತ್ತದೆ. ವರ್ಕ್‌ಶಾಪ್‌ಗೆ ಬರುವ ಮುಂಚೆ ನಾನು ಪಟ್ಟಿಗಳನ್ನು ಎಳೆದು ಪರೀಕ್ಷಿಸುವ ಕೆಲಸದಲ್ಲಿದ್ದೆ. ಒಳ್ಳೆಯ ಪಟ್ಟಿಯನ್ನು ಎಳೆದರೆ ಅದು ತುಂಬ ಹೊತ್ತು ಸುಮ್ಮನೆ ಹಿಗ್ಗುತ್ತದೆ, ತೆಳುವಾಗುತ್ತದೆ, ಕೊನೆಗೆ ಒಂದೇ ಸಲ ಡಬ್ ಅಂತ ಕೀಳುತ್ತದೆ. ಅಂಚು ಕತ್ತರಿಸಿದ ಪಟ್ಟಿ ಹಾಗಲ್ಲ. ಬಹಳ ಬೇಗ ಚಟಪಟ ಸದ್ದು ಶುರುವಾಗುತ್ತದೆ. ನೋಡುತ್ತಿದ್ದ ಹಾಗೇ ಕಡಿತ ಆ ಅಂಚಿನಿಂದ ಈ ಅಂಚಿಗೆ ನಡೆದುಬಿಡುತ್ತದೆ.

ಇನ್ನು ಹೊಲಿಗೆಯಿಂದ ಏನಾಗುತ್ತದೆ ಅಂತ ನೋಡೋಣ. ಬೆಲ್ಟ್ ಪಟ್ಟಿ ಪಾಲಿಯೆಸ್ಟರ್ ನೂಲಿನದು. ಉದ್ದಕ್ಕೆ ಸುಮಾರು 300 ನೂಲು ಓಡುತ್ತವೆ, ಒಂದೊಂದು ನೂಲಿನಲ್ಲೂ ಕೂದಲಿಗಿಂತ ತೆಳುವಾದ ಎಳೆಗಳು. ಹೊರೆ ಹೊರುವುದು ಈ ಉದ್ದದ ನೂಲುಗಳೇ. ಕುಶನ್ ಯಂತ್ರದ ದಪ್ಪ ಸೂಜಿ ಪ್ರತಿ ಸಲ ಒಳಗೆ ಇಳಿದಾಗ ಕೆಲವು ಎಳೆ ಕತ್ತರಿಸುತ್ತದೆ. ಜೋರಾಗಿ ಓಡಿಸಿದರೆ ಸೂಜಿ ಕಾದು ಎಳೆಗಳು ಕರಗುವುದೂ ಉಂಟು. ಪಟ್ಟಿಯ ಅಗಲಕ್ಕೆ ಅಡ್ಡವಾಗಿ ಎರಡು ಸಾಲು ಹೊಲಿಗೆ ಹೊಡೆದರೆ ಅದು ರಸೀದಿ ಪುಸ್ತಕದಲ್ಲಿ ಹರಿಯುವುದಕ್ಕೆ ಅಂತ ತೂತು ಹೊಡೆದಿರುತ್ತಾರಲ್ಲ, ಅದೇ ಆಯಿತು. ಗಟ್ಟಿ ಮಾಡಲಿಕ್ಕೆ ಹೋಗಿ ಎಲ್ಲಿ ಹರಿಯಬೇಕು ಅಂತ ಗೆರೆ ಹಾಕಿಕೊಟ್ಟ ಹಾಗೆ. "ಡಬಲ್ ಹೊಲಿಗೆ" ಅಂದರೆ ಎರಡು ಪಟ್ಟು ತೂತು.

ದಾರದ್ದೂ ಒಂದು ಕಥೆ ಇದೆ. ಬೆಲ್ಟ್ ಹೊರೆ ಬಿದ್ದಾಗ ಹಿಗ್ಗಬೇಕು, ಹಿಗ್ಗಿಯೇ ಎದೆಯ ಮೇಲಿನ ಏಟನ್ನು ಕಡಿಮೆ ಮಾಡುವುದು. ಒಳಗೆ ಕೊಟ್ಟ ಪೀಸ್ ಬೇರೆ ನೇಯ್ಗೆಯದು, ಅಂಗಡಿಯ ದಾರ ಬೇರೆ ಜಾತಿಯದು. ಮೂರೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಯಾವುದು ಕಡಿಮೆ ಹಿಗ್ಗುತ್ತದೋ ಅದು ಇಡೀ ಹೊರೆ ತಾನೇ ಹೊತ್ತು ಮೊದಲು ಕೀಳುತ್ತದೆ. ನೈಲಾನ್ ದಾರ, ಚಪ್ಪಲಿ ಹೊಲಿಯುವ ದಾರ, ಮೀನಿನ ಬಲೆಯ ದಾರ, ಯಾವುದು ಹಾಕಿದರೂ ಇದೇ ಪಾಡು.

"ಕಂಪನಿ ಬೆಲ್ಟಿನಲ್ಲೂ ಹೊಲಿಗೆ ಇದೆಯಲ್ಲ?" ಇದೆ. ಕಾರಿನೊಳಗೆ, ಸೀಟಿನ ಪಕ್ಕ ಕೆಳಗಡೆ ಬೆಲ್ಟ್ ತುದಿ ಬೋಲ್ಟಿಗೆ ಸೇರುವಲ್ಲಿ ಒಮ್ಮೆ ನೋಡಿ. ಅಂಕುಡೊಂಕಾದ ದಟ್ಟ ಹೊಲಿಗೆಯ ಚೌಕ ಕಾಣುತ್ತದೆ. ಅದು ಕಂಪ್ಯೂಟರ್ ಯಂತ್ರದ ಕೆಲಸ. ಹೊಲಿಗೆ ಎಲ್ಲಿ ಶುರುವಾಗಬೇಕು, ಎಷ್ಟು ಕುಣಿಕೆ, ಯಾವ ಕೋನ ಎಲ್ಲ ಮೊದಲೇ ನಿಗದಿ. ಇನ್ನೊಂದು ವಿಷಯ, ಇದು ಮೆಕ್ಯಾನಿಕ್‌ಗಳಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಕೆಲವು ಹಳೆಯ ಕಾರುಗಳಲ್ಲಿ ಬೆಲ್ಟಿನ ಒಂದು ಮಡಿಕೆಯನ್ನು ಬೇಕಂತಲೇ ಹಗುರ ಹೊಲಿಗೆಯಲ್ಲಿ ಹಿಡಿದಿಟ್ಟಿರುತ್ತಾರೆ. ಡಿಕ್ಕಿಯಾದಾಗ ಆ ಹೊಲಿಗೆ ಹಂತಹಂತವಾಗಿ ಬಿಚ್ಚಿಕೊಂಡು ಎದೆಗೆ ಬೀಳುವ ಏಟು ತಗ್ಗಿಸಲಿ ಅಂತ. ಅದು ಬಿಚ್ಚಿಕೊಂಡಿದ್ದನ್ನು ನೋಡಿ "ಹೊಲಿಗೆ ಬಿಟ್ಟಿದೆ" ಅಂತ ಪುನಃ ಹೊಲಿಸಿ ತಂದವರಿದ್ದಾರೆ. ಆ ಹೊಲಿಗೆ ಬಿಟ್ಟಿದೆ ಅಂದರೆ ಆ ಕಾರು ಒಂದು ದೊಡ್ಡ ಏಟು ತಿಂದಿದೆ, ಬೆಲ್ಟ್ ತನ್ನ ಕೆಲಸ ಮುಗಿಸಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಕಾರು ನೋಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಈಗ ಷೋರೂಮಿನವರ ಮಾತಿಗೆ ಬರೋಣ. ಪಟ್ಟಿ ಮಾತ್ರ ಬದಲಿಸದೆ ಇಡೀ ಅಸೆಂಬ್ಲಿ ಯಾಕೆ? ನಿಮ್ಮ ಅನುಮಾನ ಸಹಜ, ಬಿಡಿಭಾಗ ಕೊಡದೆ ಪೂರ್ತಿ ಸೆಟ್ ಹೇರುವುದು ಬೇರೆ ಎಷ್ಟೋ ಕಡೆ ಇದೆ. ಬೆಲ್ಟಿನ ವಿಷಯದಲ್ಲಿ ಮಾತ್ರ ಅವರ ಮಾತು ಸರಿ. ಪಟ್ಟಿ ಸುತ್ತಿಕೊಳ್ಳುವ ರೀಲ್ ಇದೆಯಲ್ಲ, ಅದರೊಳಗೆ ಒಂದು ಸುರುಳಿ ಸ್ಪ್ರಿಂಗ್, ಕಾರು ಬಾಗಿದರೆ ಅಥವಾ ದಿಢೀರ್ ನಿಂತರೆ ಲಾಕ್ ಮಾಡುವ ಒಂದು ಪುಟ್ಟ ಗುಂಡು, ಪಟ್ಟಿಯನ್ನು ಜಗ್ಗಿದರೆ ಲಾಕ್ ಮಾಡುವ ಇನ್ನೊಂದು ವ್ಯವಸ್ಥೆ ಇರುತ್ತದೆ. ಇವೆಲ್ಲ ಆ ಪಟ್ಟಿಯ ದಪ್ಪ, ಉದ್ದ, ಸುತ್ತಿನ ಲೆಕ್ಕಕ್ಕೆ ಹೊಂದಿಸಿದ್ದು. ರೀಲ್ ಬಿಚ್ಚಿದರೆ ಸ್ಪ್ರಿಂಗ್ ಹಾರಿ ಮುಖಕ್ಕೆ ಬಡಿಯುವುದೂ ಇದೆ. ಎಷ್ಟೋ ಕಾರುಗಳಲ್ಲಿ ಮುಂದಿನ ಸೀಟಿನ ರೀಲ್‌ನಲ್ಲಿ ಜೊತೆಗೆ ಪ್ರಿಟೆನ್ಷನರ್ ಇರುತ್ತದೆ. ಅಂದರೆ ಡಿಕ್ಕಿಯಾದ ಕೂಡಲೇ ಸಣ್ಣ ಮದ್ದು ಸಿಡಿದು ಬೆಲ್ಟನ್ನು ಸರ್ರನೆ ಹಿಂದಕ್ಕೆ ಎಳೆದುಕೊಳ್ಳುವ ಭಾಗ. ಅದು ಸ್ಕ್ರೂಡ್ರೈವರ್ ಹಿಡಿದು ಕೆದಕುವ ಜಾಗ ಅಲ್ಲ.

ನೀವು ಹೇಳಿದ ಹಾಗೆ ಪೀಸ್ ಕೊಟ್ಟು ಹೊಲಿದರೆ ಆ ಜಾಗ ಎರಡು ಮೂರು ಪಟ್ಟು ದಪ್ಪವಾಗುತ್ತದೆ. ಅದು ರೀಲ್ ಒಳಗೆ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ. ಹೊರಗೆ ಉಳಿದರೆ ಬೆಲ್ಟ್ ಸಡಿಲವಾಗೇ ಇರುತ್ತದೆ. ಸಡಿಲ ಬೆಲ್ಟ್ ಅಂದರೆ ಮೈ ಮೊದಲು ಮುಂದಕ್ಕೆ ಹಾರಿ, ಆಮೇಲೆ ಬೆಲ್ಟಿಗೆ ಬಡಿಯುತ್ತದೆ.

ನಿಮ್ಮ ಮುಂದೆ ಇರುವ ದಾರಿಗಳನ್ನು ಹೇಳುತ್ತೇನೆ. ಮೊದಲನೆಯದು, ಕಾರು ಕಂಪನಿಯ ಹೊಸ ಅಸೆಂಬ್ಲಿ. ನಿಮ್ಮದು ಹಿಂದಿನ ಸೀಟಿನ ಬೆಲ್ಟ್. ಆ ಕಾಲದ ಸಣ್ಣ ಕಾರುಗಳ ಹಿಂಬದಿ ಬೆಲ್ಟಿನಲ್ಲಿ ಸಾಮಾನ್ಯವಾಗಿ ಪ್ರಿಟೆನ್ಷನರ್ ಇರುವುದಿಲ್ಲ. ಹಾಗಾಗಿ ಮುಂದಿನದಕ್ಕಿಂತ ಅಗ್ಗವಾಗಿಯೇ ಸಿಗುತ್ತದೆ. ಷೋರೂಮಿನ ಸರ್ವಿಸ್ ಸಲಹೆಗಾರರ ಹತ್ತಿರ ಎಸ್ಟಿಮೇಟ್ ಕೇಳುವ ಬದಲು ನೇರ ಪಾರ್ಟ್ಸ್ ಕೌಂಟರಿಗೆ ಹೋಗಿ. ಚಾಸಿ ನಂಬರ್ ಕೊಡಿ, ಹಿಂದಿನ ಎಡಗಡೆ ಅಂತ ಹೇಳಿ, ಬಣ್ಣ ಹೇಳಿ, ಬೆಲೆ ಬರೆಸಿಕೊಳ್ಳಿ. ಬಕಲ್ ಬೇರೆಯದೇ ಭಾಗ. ನಿಮ್ಮ ಬಕಲ್ ಸರಿ ಇದ್ದರೆ ಅದನ್ನು ಕೊಳ್ಳಬೇಕಾಗಿಲ್ಲ. "ಪೂರ್ತಿ ಸೆಟ್" ಅಂದಾಗ ಅದನ್ನೂ ಸೇರಿಸಿದ್ದಾರಾ ಅಂತ ಕೇಳಿ. ಬೆಲೆ ಅಲ್ಲೇ ಇಳಿಯಬಹುದು. ಇಲಿ ಕಡಿತಕ್ಕೆ ಇನ್ಶೂರೆನ್ಸ್ ಸಿಗುತ್ತಾ ಇಲ್ಲವಾ ಅನ್ನುವುದು ನಿಮ್ಮ ಪಾಲಿಸಿಯ ಮೇಲೆ ಹೋಗುತ್ತದೆ, ಬಿಚ್ಚುವ ಮುಂಚೆಯೇ ಫೋಟೋ ತೆಗೆದಿಟ್ಟುಕೊಂಡು ಕೇಳಿ ನೋಡಿ.

ಎರಡನೆಯದು ಗುಜರಿ. ಬೆಂಗಳೂರಿನ ಶಿವಾಜಿನಗರದಲ್ಲಿ ಹುಡುಕಿದರೆ ಯಾವ ಕಾರಿನ ಬೆಲ್ಟೂ ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ನಾನು ಇದನ್ನು ಇಷ್ಟಪಡುವುದಿಲ್ಲ, ಆದರೆ ಹೊಲಿಗೆಗಿಂತ ಇದೇ ವಾಸಿ. ಅಪಾಯ ಇಷ್ಟೇ: ಗುಜರಿಗೆ ಬರುವ ಕಾರುಗಳಲ್ಲಿ ಸುಮಾರು ಪಾಲು ಅಪಘಾತದವು. ಅದರಲ್ಲಿ ಯಾರಾದರೂ ಆ ಬೆಲ್ಟ್ ಹಾಕಿಕೊಂಡಿದ್ದರೆ ಅದು ಒಮ್ಮೆ ಹಿಗ್ಗಿ ಹೋಗಿರುತ್ತದೆ. ತಗೊಳ್ಳುವುದೇ ಆದರೆ ಪಟ್ಟಿಯನ್ನು ಕೊನೆತನಕ ಹೊರಗೆ ಎಳೆದು ಬೆಳಕಿನಲ್ಲಿ ಹಿಡಿಯಿರಿ. ಒಂದು ಕಡೆ ಅಲೆಅಲೆಯಾಗಿ ಸುಕ್ಕಾಗಿದೆಯಾ, ಅಗಲ ಕಡಿಮೆಯಾಗಿದೆಯಾ ನೋಡಿ. ಒಂದು ಅಡ್ಡಪಟ್ಟೆಯಷ್ಟು ಜಾಗ ಕರಗಿದ ಹಾಗೆ ಹೊಳೆಯುತ್ತಿದೆಯಾ ಅಂತ ಬೆರಳಾಡಿಸಿ ನೋಡಿ. ಡಿಕ್ಕಿಯ ರಭಸಕ್ಕೆ ಪಟ್ಟಿ ಬಾಗಿಲ ಪಕ್ಕದ ಕಂಬದ ಮೇಲಿನ ಬಳೆಯಲ್ಲಿ ಜಾರಿದಾಗ ಉಜ್ಜಿ ಕರಗಿದ ಗುರುತು ಅದು. ಬಕಲ್‌ಗೆ ಸಿಕ್ಕಿಸುವ ಲೋಹದ ನಾಲಿಗೆಯ ಪ್ಲಾಸ್ಟಿಕ್ ಹೊದಿಕೆ ಕೆರೆದು ಹೋಗಿದ್ದರೂ ಅದೇ ಕಥೆ. ಪಟ್ಟಿಯ ಕೆಳತುದಿಯಲ್ಲಿ ತಯಾರಕರ ಲೇಬಲ್ ಇರಬೇಕು, ಅದನ್ನು ಕಿತ್ತಿದ್ದರೆ ಬಿಟ್ಟುಬಿಡಿ. ಮುಂದಿನ ಸೀಟಿಗೆ ಮಾತ್ರ ಗುಜರಿ ಬೆಲ್ಟ್ ಬೇಡವೇ ಬೇಡ. ಪ್ರಿಟೆನ್ಷನರ್ ಸಿಡಿದ ಬೆಲ್ಟ್ ಹಾಕಿ, ಏರ್‌ಬ್ಯಾಗ್ ದೀಪ ಉರಿಯದಿರಲಿ ಅಂತ ಕನೆಕ್ಟರ್‌ಗೆ ಒಂದು ರೆಸಿಸ್ಟರ್ ಸಿಕ್ಕಿಸಿ ಕಳುಹಿಸುವವರಿದ್ದಾರೆ. ದೀಪ ಆರಿರುತ್ತದೆ, ಕೆಲಸ ಸತ್ತಿರುತ್ತದೆ.

ಒಂದು ಮಾತು. ರೀಲನ್ನು ಕೈಯಲ್ಲಿ ಹಿಡಿದು ಎಳೆದರೆ ಎಷ್ಟೋ ಸಲ ಪಟ್ಟಿ ಬರುವುದೇ ಇಲ್ಲ. "ಜಾಮ್ ಆಗಿದೆ" ಅಂತ ವಾಪಸ್ ಕೊಟ್ಟು ಬರುತ್ತಾರೆ. ಹೊಸದನ್ನೂ ಹೀಗೇ ವಾಪಸ್ ಕೊಟ್ಟವರಿದ್ದಾರೆ! ರೀಲ್ ಕೂರುವ ಕೋನದಿಂದ 12 ಡಿಗ್ರಿವರೆಗೆ ವಾಲಿದರೆ ಲಾಕ್ ಆಗಬಾರದು, 27 ಡಿಗ್ರಿ ದಾಟಿದರೆ ಆಗಲೇಬೇಕು, ಇದು ಅದೇ 16ನೇ ನಿಯಮ ಹೇಳುವ ಅಳತೆ. ಕಾರಿನಲ್ಲಿ ಹೇಗೆ ಕೂರುತ್ತದೋ ಹಾಗೆ ನೆಟ್ಟಗೆ ಹಿಡಿದು ನಿಧಾನಕ್ಕೆ ಎಳೆಯಿರಿ, ಸಲೀಸಾಗಿ ಬರುತ್ತದೆ.

ಮೂರನೆಯದು, ಪೂರ್ತಿ ಪಟ್ಟಿಯನ್ನೇ ಬದಲಿಸಿಕೊಡುವ ಸೇವೆ. ಹೊರದೇಶಗಳಲ್ಲಿ, ಮುಖ್ಯವಾಗಿ ವಿಂಟೇಜ್ ಕಾರಿನವರಿಗಾಗಿ, ಇದನ್ನೇ ಕಸುಬು ಮಾಡಿಕೊಂಡ ಅಂಗಡಿಗಳಿವೆ. ಅವರು ಹರಿದ ಜಾಗಕ್ಕೆ ತೇಪೆ ಹಾಕುವುದಿಲ್ಲ. ತುದಿಯಿಂದ ತುದಿಗೆ ಹೊಸ ಪಟ್ಟಿ ಹಾಕಿ, ಸರಿಯಾದ ಯಂತ್ರದಲ್ಲಿ ತುದಿ ಹೊಲಿಯುತ್ತಾರೆ. ನಮ್ಮಲ್ಲಿ ಯಾರಾದರೂ "ನಾವೂ ಮಾಡ್ತೀವಿ" ಅಂದರೆ ಒಂದೇ ಪ್ರಶ್ನೆ ಕೇಳಿ: ಇದೇ ದಾರ, ಇದೇ ಹೊಲಿಗೆಯ ಸ್ಯಾಂಪಲ್ಲನ್ನು ಎಳೆದು ಕಿತ್ತ ಟೆಸ್ಟ್ ರಿಪೋರ್ಟ್ ತೋರಿಸ್ತೀರಾ? ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂಥ ಸಂಸ್ಥೆಗಳಲ್ಲಿ ವಾಹನದ ಬಿಡಿಭಾಗಗಳ ಪರೀಕ್ಷೆ ನಡೆಯುತ್ತದೆ. ರಿಪೋರ್ಟ್ ಇಲ್ಲದಿದ್ದರೆ ಅದೂ ಕುಶನ್ ಅಂಗಡಿಯ ಹೊಲಿಗೆಯೇ, ಬೋರ್ಡ್ ಮಾತ್ರ ದೊಡ್ಡದು. ನಿಮ್ಮ ಕಾರಿಗೆ ಈ ದಾರಿ ಬೇಕಾಗಿಲ್ಲ, ಹೊಸ ಪಾರ್ಟೇ ಸಿಗುತ್ತದೆ. ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರೂ ಹಳೆಯ ಬೆಲ್ಟ್ ರಿಪೇರಿ ಮಾಡಿಸುವ ಬದಲು ಪ್ರಮಾಣಪತ್ರ ಇರುವ ಪೂರ್ತಿ ಹೊಸ ಬೆಲ್ಟ್ ಹಾಕಿಸುವುದೇ ಒಳ್ಳೆಯದು.

ಹೊಸದು ಹಾಕಿಸುವಾಗ ಮುಂದೆ ನಿಂತು ಎರಡು ವಿಷಯ ನೋಡಿ. ಒಂದು ಬೋಲ್ಟ್. ಬೆಲ್ಟ್ ಬೋಲ್ಟ್ ವಿಶೇಷ ಗಟ್ಟಿಯದು, ಹೆಚ್ಚಿನ ಕಾರುಗಳಲ್ಲಿ 7/16 ಇಂಚಿನದು. ಅದು ಕಳೆದುಹೋಯಿತು ಅಂತ ಡಬ್ಬಿಯಿಂದ ಯಾವುದೋ ಬೋಲ್ಟ್ ಎತ್ತಿ ಹಾಕಬಾರದು. ಬಿಗಿ ಮಾಡಿದ ಮೇಲೂ ತುದಿಯ ತಗಡು ಸ್ವಲ್ಪ ತಿರುಗಾಡಬೇಕು, ಹಾಗಾಗಲಿ ಅಂತಲೇ ವಾಷರ್ ಮತ್ತು ಬುಷ್ ಕೊಟ್ಟಿರುತ್ತಾರೆ. ಎರಡನೆಯದು, ಪಟ್ಟಿ ತಿರುಚಿಕೊಳ್ಳದೆ ಚಪ್ಪಟೆಯಾಗಿ ಹೋಗುತ್ತಿದೆಯಾ ಅಂತ. ಎಲ್ಲ ಆದ ಮೇಲೆ ಪಟ್ಟಿಯನ್ನು ಜೋರಾಗಿ ಜಗ್ಗಿ, ಲಾಕ್ ಆಗಬೇಕು. ಬಿಟ್ಟರೆ ತಾನೇ ಪೂರ್ತಿ ಒಳಗೆ ಹೋಗಬೇಕು.

ಇನ್ನು ನಿಮ್ಮ ಅಪ್ಪಾಜಿಯವರ ವಿಷಯ. ಖರ್ಚಿಲ್ಲದೆ ಸರಿಹೋಗಬಹುದು ಅಂದೆನಲ್ಲ, ಅದು ಇದೇ. ಕಾರಿನ ಬೆಲ್ಟನ್ನು ಸಾಕಷ್ಟು ದೊಡ್ಡ ಮೈಗೂ ಆಗುವ ಹಾಗೇ ಉದ್ದ ಕೊಟ್ಟಿರುತ್ತಾರೆ. ಸಾಲುತ್ತಿಲ್ಲ ಅಂದರೆ ಮೊದಲು ಕಾರಣ ಹುಡುಕಿ. ಯಾರೂ ಕೂರದೆ ಇರುವಾಗ ಪಟ್ಟಿಯನ್ನು ನಿಧಾನವಾಗಿ ಕೊನೆತನಕ ಎಳೆಯಿರಿ. ಡ್ರೈವರ್ ಸೀಟಿನ ಪಟ್ಟಿಯಷ್ಟೇ ಉದ್ದ ಬರುತ್ತಾ ನೋಡಿ. ಅರ್ಧಕ್ಕೇ ನಿಂತರೆ ಒಳಗೆ ತಿರುಚಿಕೊಂಡಿದೆ, ಇಲ್ಲವೇ ಹಿಂದಿನ ಮಾಲೀಕರು ಬೇರೆ ಮಾಡೆಲ್‌ನ ಬೆಲ್ಟ್ ಹಾಕಿಸಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಇದು ಅಪರೂಪವೇನಲ್ಲ. ಎಷ್ಟೋ ಸಲ ಅಂಟು ಕೊಳೆಯೇ ಕಾರಣ. ಕಂಬದ ಮೇಲೆ ಪಟ್ಟಿ ಹಾದುಹೋಗುವ ಬಳೆಯಲ್ಲಿ ವರ್ಷಗಳ ಬೆವರು, ಧೂಳು ಸೇರಿ ಕಪ್ಪಗೆ ಜಿಡ್ಡು ಕಟ್ಟಿರುತ್ತದೆ. ಒದ್ದೆ ಬಟ್ಟೆಯಿಂದ ಅದನ್ನು ಉಜ್ಜಿ ತೆಗೆಯಿರಿ. ಪಟ್ಟಿಯನ್ನು ಉಗುರುಬೆಚ್ಚಗಿನ ನೀರು, ಒಂದು ಚೂರು ಶಾಂಪೂ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಒಳಗೆ ಬಿಡಿ. ಬ್ಲೀಚಿಂಗ್ ಪುಡಿ, ಆಸಿಡ್, ಬಣ್ಣ ಹಾಕುವುದು ಬೇಡ, ನೂಲು ಸಾಯುತ್ತದೆ. ಎಣ್ಣೆ, ಗ್ರೀಸ್ ಕೂಡ ಬೇಡ.

ಆಮೇಲೆ ಸೀಟ್ ಕವರ್ ನೋಡಿ. ನಮ್ಮ ಕಡೆ ಹೊಸ ಕಾರು ಬಂದ ವಾರದಲ್ಲೇ ದಪ್ಪ ಸ್ಪಂಜಿನ ಕವರ್ ಹೊಲಿಸುತ್ತಾರೆ. ಅದರಿಂದ ಮೈ ಎರಡು ಬೆರಳು ಮುಂದಕ್ಕೆ, ಮೇಲಕ್ಕೆ ಬರುತ್ತದೆ, ಬಕಲ್ ಅಡಿಯಲ್ಲಿ ಹೂತುಹೋಗುತ್ತದೆ. ಕೈ ಹಾಕಿ ತಡಕಿದರೂ ಸಿಗುವುದಿಲ್ಲ. "ಬೆಲ್ಟ್ ಸಾಲಲ್ಲ" ಅನ್ನುವವರಲ್ಲಿ ಕೆಲವರಿಗೆ ನಿಜವಾಗಿ ಸಿಗದೆ ಇರುವುದು ಬಕಲ್. ಹಿಂದಿನ ಸೀಟಿನಲ್ಲಂತೂ ಕವರ್ ಅಡಿಯಲ್ಲಿ ಮೂರೂ ಬಕಲ್ ಹೂತುಹಾಕಿ ವರ್ಷಗಟ್ಟಲೆ ಓಡಿಸುವ ಕಾರುಗಳನ್ನು ದಿನಾ ನೋಡುತ್ತೇನೆ. ಕುಶನ್ ಅಂಗಡಿಯವರಿಂದ ಮಾಡಿಸಬಹುದಾದ ನಿಜವಾದ ಕೆಲಸ ಇಲ್ಲಿದೆ. ಕವರ್‌ನಲ್ಲಿ ಬಕಲ್ ನೆಟ್ಟಗೆ ಹೊರಬರುವ ಸಂದಿ ಬಿಡಿಸಿ, ಸುತ್ತ ಅಂಚು ಹೊಲಿಸಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಗುರುತು ಇರುವ ಕಾರಾದರೆ ಆ ಬದಿ ಮುಚ್ಚಲೇಬಾರದು ಅಂತಲೂ ಹೇಳಿ.

ಇಷ್ಟಾದರೂ ಸಾಲದಿದ್ದರೆ ಎಕ್ಸ್‌ಟೆಂಡರ್ ಅನ್ನುವ ವಸ್ತು ಇದೆ. ಒಂದು ತುದಿಯಲ್ಲಿ ನಾಲಿಗೆ, ಇನ್ನೊಂದು ತುದಿಯಲ್ಲಿ ಬಕಲ್. ಕೆಲವು ಕಾರು ಕಂಪನಿಗಳು ತಮ್ಮದೇ ಮಾಡೆಲ್‌ಗೆ ಕೊಡುತ್ತವೆ. ನಿಮ್ಮ ಕಂಪನಿಗೆ ಬರೆದು ಕೇಳಿ. ಅದು ಇದ್ದರೆ ಹಾಕಬಹುದು, ಆದರೆ ಹಾಕಿದ ಮೇಲೆ ಬಕಲ್ ಹೊಟ್ಟೆಯ ಮೇಲೆ ಬರಬಾರದು. ಸೊಂಟದ ಪಕ್ಕದಲ್ಲೇ ಉಳಿಯಬೇಕು. ಡಿಕ್ಕಿಯಲ್ಲಿ ಹೊಟ್ಟೆಯ ಮೇಲಿನ ಬಕಲ್ ಒಳಗಿನ ಅಂಗಗಳಿಗೆ ಗುದ್ದುತ್ತದೆ. ಅವರು ಇಳಿದ ಕೂಡಲೇ ತೆಗೆದಿಡಬೇಕು, ಬೇರೆ ಯಾರೂ ಅದನ್ನು ಬಳಸಬಾರದು. ಆನ್‌ಲೈನ್‌ನಲ್ಲಿ ಸಿಗುವ ಎಲ್ಲ ಕಾರಿಗೂ ಆಗುತ್ತದೆ ಅನ್ನುವ ಅಗ್ಗದ ಎಕ್ಸ್‌ಟೆಂಡರ್ ಬೇಡ. ನಾಲಿಗೆಯ ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ, ಕ್ಲಿಕ್ ಅಂದ ಮೇಲೂ ಸರಿಯಾಗಿ ಲಾಕ್ ಆಗದೆ ಇರಬಹುದು. ಬೀಪ್ ಸದ್ದು ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ಕ್ಲಿಪ್‌ಗಳನ್ನು ಮಾರಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಐದು ದೊಡ್ಡ ಆನ್‌ಲೈನ್ ಅಂಗಡಿಗಳಿಗೆ ಆದೇಶ ಮಾಡಿತು. ಅಂಥ ಕೆಲವು ಕ್ಲಿಪ್ ಎಕ್ಸ್‌ಟೆಂಡರ್ ಹೆಸರಿನಲ್ಲೂ ಓಡಾಡುತ್ತವೆ. ಎಕ್ಸ್‌ಟೆಂಡರ್ ಸಿಗದಿದ್ದರೆ ಸೀಟನ್ನು ಹಿಂದಕ್ಕೆ ಸರಿಸಿ, ಹೆಗಲಿನ ಎತ್ತರ ಹೊಂದಿಸುವ ಗುಬ್ಬಿ ಇದ್ದರೆ ಹೊಂದಿಸಿ ನೋಡಿ. ಆಗದಿದ್ದರೆ ಹಿಂದಿನ ಬಲಬದಿಯ ಸೀಟಿನಲ್ಲಿ ಕೂರಿಸಿ ನೋಡಿ. ಆ ಬೆಲ್ಟಿನ ಉದ್ದ, ಬಕಲ್ ಇರುವ ಜಾಗ ಬೇರೆ, ಕೆಲವರಿಗೆ ಅಲ್ಲಿ ಸರಿಯಾಗುತ್ತದೆ. ಅರ್ಧ ಅಡಿ ಸೇರಿಸಿ ಹೊಲಿಸುವುದು ಮಾತ್ರ ಮೂರೂ ಕೆಲಸಗಳಲ್ಲಿ ಅತ್ಯಂತ ಅಪಾಯದ್ದು. ಅಲ್ಲಿ ಇಡೀ ಹೊರೆ ಆ ಒಂದು ಹೊಲಿಗೆಯ ಮೇಲೇ, ಹೊರೆಯೂ ಮನೆಯಲ್ಲೇ ದೊಡ್ಡದು.

ಮಗಳಿಗೆ ಬೆಲ್ಟ್ ಗಿಡ್ಡ ಮಾಡಿದರೆ ಪ್ರಯೋಜನವಿಲ್ಲ. ಉದ್ದ ಜಾಸ್ತಿಯಾಗಿ ಬೆಲ್ಟ್ ಕುತ್ತಿಗೆಗೆ ಬರುತ್ತಿಲ್ಲ. ಉಳಿದ ಉದ್ದವನ್ನು ರೀಲ್ ಹೇಗೂ ಸುತ್ತಿಕೊಳ್ಳುತ್ತದೆ. ಅವಳು ಕೂರುವ ಎತ್ತರ ಕಡಿಮೆ, ಅದಕ್ಕೇ ಪಟ್ಟಿ ಹೆಗಲಿನ ಬದಲು ಕುತ್ತಿಗೆಯಲ್ಲಿ ಹಾಯುತ್ತದೆ. ಕೆಳಗಿನ ಪಟ್ಟಿ ಸೊಂಟದ ಮೂಳೆಯ ಬದಲು ಮೆತ್ತಗಿನ ಹೊಟ್ಟೆಯ ಮೇಲೆ ಕೂರುತ್ತದೆ. ನಿಮಗೆ ಕಾಣುತ್ತಿರುವುದು ಕುತ್ತಿಗೆ, ನನಗೆ ಹೆದರಿಕೆ ಹೊಟ್ಟೆಯದು. ಬೇಕಾಗಿರುವುದು ಬೂಸ್ಟರ್ ಸೀಟ್, ಬೆನ್ನಿರುವಂಥದ್ದು. ಅದು ಅವಳನ್ನು ಮೇಲೆತ್ತಿ ಎರಡೂ ಪಟ್ಟಿಯನ್ನು ಸರಿಯಾದ ಜಾಗಕ್ಕೆ ತರುತ್ತದೆ. ಎತ್ತರ ಸುಮಾರು 145, 150 ಸೆಂಟಿಮೀಟರ್ ಆಗುವವರೆಗೆ ಬೇಕಾಗುತ್ತದೆ, ಅಂದರೆ ಇನ್ನೂ ಹಲವು ವರ್ಷ ಬಾಳುತ್ತದೆ. ಕೊಳ್ಳುವಾಗ ಗುಂಡು ಗೆರೆಯೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಅಂಕಿ ಇರುವ ಚೀಟಿ ಹುಡುಕಿ. ದಿಂಬು ಹಾಕಿ ಕೂರಿಸುವುದು ಸಾಲದು, ಡಿಕ್ಕಿಯಲ್ಲಿ ದಿಂಬು ಜಾರಿ ಮಗು ಬೆಲ್ಟಿನ ಕೆಳಗೆ ನುಸುಳುತ್ತದೆ. ಪಟ್ಟಿಯನ್ನು ಕಂಕುಳ ಕೆಳಗೆ ಅಥವಾ ಬೆನ್ನ ಹಿಂದೆ ಹಾಕುವುದೂ ಬೇಡ. ಪಟ್ಟಿಗಳನ್ನು ಕೆಳಗೆಳೆದು ಹಿಡಿಯುವ ತ್ರಿಕೋನದ ಬಟ್ಟೆಯ ತುಂಡು ಅಗ್ಗಕ್ಕೆ ಸಿಗುತ್ತದೆ, ಅದು ಸೊಂಟದ ಪಟ್ಟಿಯನ್ನು ಇನ್ನಷ್ಟು ಹೊಟ್ಟೆಯ ಮೇಲಕ್ಕೆ ಎಳೆಯುತ್ತದೆ. ನೀವು 2019ರ ತಿದ್ದುಪಡಿ ಕೇಳಿರಬಹುದು: ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದೆ ಕೂರಿಸಿದರೆ 1000 ರೂಪಾಯಿ ದಂಡ. ಬೂಸ್ಟರ್ ಬರುವವರೆಗೆ ಇಲಿ ಕಡಿದ ಕಡೆ ಅವಳನ್ನು ಕೂರಿಸಬೇಡಿ, ಬಲಬದಿ ಇರಲಿ. ಎಡಗಡೆ ಬೆಲ್ಟ್ ಬದಲಾಗುವ ತನಕ ಆ ಸೀಟ್ ಖಾಲಿ ಬಿಡಿ.

ಹೊಸ ಬೆಲ್ಟ್ ಹಾಕಿದ ಮೇಲೆ ಇಲಿ ಮತ್ತೆ ಬರಬಾರದಲ್ಲ. ಮಕ್ಕಳು ಚೆಲ್ಲಿದ ಬಿಸ್ಕತ್ ಚೂರು, ಚಿಪ್ಸ್, ಹಾಲಿನ ಕಲೆ ಇರುವ ಬೆಲ್ಟನ್ನೇ ಅವು ಮೊದಲು ಹಿಡಿಯುವುದನ್ನು ನೋಡಿದ್ದೇನೆ. ಹಿಂದಿನ ಸೀಟ್ ಎತ್ತಿ ವ್ಯಾಕ್ಯೂಮ್ ಹೊಡೆಸಿ. ಒಂದು ಬೆಲ್ಟ್ ಕಡಿದಿದೆ ಅಂದರೆ ಉಳಿದ ಬೆಲ್ಟ್‌ಗಳನ್ನೂ ಪೂರ್ತಿ ಹೊರಗೆಳೆದು ನೋಡಿ, ರೀಲ್ ಒಳಗೆ ಸುತ್ತಿಕೊಂಡ ಭಾಗದಲ್ಲಿ ಕಡಿತ ಇದ್ದರೆ ಹೊರಗೆ ಕಾಣುವುದಿಲ್ಲ. ಸೀಟಿನ ಅಡಿಯ ವೈರ್‌ಗಳನ್ನೂ ನೋಡಿಸಿ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್, ಪ್ರಿಟೆನ್ಷನರ್ ಸಾಲಿನದು, ಅದನ್ನು ನೀವಾಗಿ ಮುಟ್ಟಬೇಡಿ.

ಬಿಚ್ಚಿದ ಹಳೆಯ ಬೆಲ್ಟನ್ನು ಹಾಗೇ ಗುಜರಿಗೆ ಹಾಕಬೇಡಿ, ನಾಳೆ ಅದಕ್ಕೇ ಹೊಲಿಗೆ ಹಾಕಿ ಇನ್ಯಾರಿಗೋ ಮಾರುತ್ತಾರೆ. ನಿಮ್ಮ ಹಿಂಬದಿ ಬೆಲ್ಟಿನಲ್ಲಿ ಪ್ರಿಟೆನ್ಷನರ್ ಇಲ್ಲ ಅಂತ ಪಾರ್ಟ್ಸ್ ಕೌಂಟರಿನಲ್ಲಿ ಖಾತ್ರಿ ಮಾಡಿಕೊಂಡು ಪಟ್ಟಿಯನ್ನು ನಾಲ್ಕಾರು ಕಡೆ ಕತ್ತರಿಸಿ ಎಸೆಯಿರಿ. ಇದ್ದರೆ ಅದರೊಳಗೆ ಸಿಡಿಯದ ಮದ್ದು ಇರುತ್ತದೆ. ಅದನ್ನು ಬಿಚ್ಚದೆ, ಸುಡದೆ ವರ್ಕ್‌ಶಾಪಿನವರಿಗೇ ಒಪ್ಪಿಸಿ.